ಒಂಟೆನೋ ಆನೆನೋ, ನೀನೇ ಹೇಳು

ಗೆಳೆಯಾ,

ಹೇಗಿದ್ದೀಯಾ ಅಂತ ಆಮೇಲೆ ಕೇಳುತ್ತೇನೆ. ಮೊದಲು ಒಂದು ವಿಷಯಕ್ಕೆ ನಿನ್ನ ಸಾಕ್ಷಿ ಬೇಕು. ನಮ್ಮ ಗದಗ-ಬೆಟಗೇರಿ ಮನೆಯ ದೇವರ ಜಗಲಿ ಮೇಲಿಂದ ಸಕ್ಕರೆ ಆರತಿಯ ಒಂದು ಗೊಂಬೆ ಕದ್ದು ತಿಂದೆವಲ್ಲ, ಅದು ಒಂಟೆನಾ, ಆನೆನಾ?

ನಗಬೇಡ. ಎಂಟು ದಿನದಿಂದ ಇದೇ ತಲೆ ತಿನ್ನುತ್ತಿದೆ.

ಶುರುವಾಗಿದ್ದು ಮಗಳ ಶಾಲೆಯ ಒಂದು ಹಾಳೆಯಿಂದ. 'ನನ್ನ ಅಪ್ಪನ ಬಾಲ್ಯ' ಅಂತ ತಲೆಬರಹ, ಕೆಳಗೆ ಖಾಲಿ ಗೆರೆಗಳು. ಮೆಚ್ಚಿನ ತಿಂಡಿ, ಮೆಚ್ಚಿನ ಜಾಗ, ಮೆಚ್ಚಿನ ಹಾಡು, ಮೆಚ್ಚಿನ ಆಟಿಕೆ. ಅವಳು ಕೇಳೋದು, ನಾನು ಹೇಳೋದು, ಅವಳು ಬರೆಯೋದು. ಇದೇನು ಮಹಾ ಅಂತ ಕುಳಿತೆ. ಹುಬ್ಬಳ್ಳಿಯಲ್ಲಿ ಅವತ್ತು ನಮ್ಮ ಓಣಿಗೆ ನೀರು ಬಿಡುವ ದಿನ ಬೇರೆ, ಒಂದು ಕಣ್ಣು ನಳದ ಕಡೆ.

ತಿಂಡಿ ಅಂದಳು. ಗಿರ್ಮಿಟ್ ಅಂದೆ, ಯೋಚನೆ ಕೂಡ ಮಾಡಲಿಲ್ಲ. ಜಾಗ ಅಂದಳು. ವೀರನಾರಾಯಣ ಗುಡಿ. ಹಾಡು? ಭೀಮಸೇನ ಜೋಶಿ. ಅಡುಗೆ ಮನೆಯಿಂದ ಹೆಂಡತಿ ಗಟ್ಟಿಯಾಗಿ ನಕ್ಕಳು. "ನಾಲ್ಕನೇ ಕ್ಲಾಸಿನಲ್ಲೇ ಖಯಾಲ್ ಕೇಳ್ತಿದ್ದಿರಾ?" ಅಂದಳು. ಆಗಲೇ ನನಗೂ ಗೊತ್ತಾಗಿದ್ದು, ನಾನು ಹೇಳಿದ ಮೂರೂ ಸುಳ್ಳು ಅಂತ.

ಸುಳ್ಳು ಅಂದರೆ ಬೇಕಂತ ಹೇಳಿದ್ದಲ್ಲ. ಈಗ ಇಷ್ಟವಾಗಿರೋದನ್ನೆಲ್ಲ ಹಿಂದಕ್ಕೆ ಹೊತ್ತುಕೊಂಡು ಹೋಗಿ ಆ ಹುಡುಗನ ಕೈಗೆ ಕೊಟ್ಟುಬಿಟ್ಟಿದ್ದೆ. ಗಿರ್ಮಿಟ್ ನನಗೆ ಆಗ ಎಲ್ಲಿ ಇಷ್ಟವಿತ್ತು? ಆ ಹುಣಸೆ-ಬೆಲ್ಲ-ಹಸಿಮೆಣಸಿನಕಾಯಿ ಮಸಾಲೆ ಬಾಯಿಗೆ ಬಿದ್ದರೆ ಕಣ್ಣಲ್ಲಿ ನೀರು. ಮೇಲೆ ಹಸಿ ಉಳ್ಳಾಗಡ್ಡಿ ಬೇರೆ. ಅದು ದೊಡ್ಡವರು ಸಂಜೆ ಮಿರ್ಚಿ ಕಚ್ಚಿಕೊಂಡು ತಿನ್ನುವ ತಿಂಡಿ. ಮಸಾಲೆ ಕಲಸುವ ಮೊದಲೇ ನಾವು ಬುಟ್ಟಿಗೆ ಕೈ ಹಾಕಿ ಬರೀ ಚುರುಮುರಿ, ಪುಠಾಣಿ ಎತ್ತಿಕೊಂಡು ಓಡುತ್ತಿದ್ದೆವು. ನಮ್ಮ ತಿಂಡಿ ಅಂದರೆ ಅಷ್ಟೇ.

ಗುಡಿಯದೂ ಹಾಗೇ. ಕುಮಾರವ್ಯಾಸ ಒರಗಿ ಕೂತು ಭಾರತ ಬರೆದ ಕಂಬ ಅಂತ ಒಂದಿದೆಯಲ್ಲ, ಸ್ನಾನ ಮಾಡಿ ಬಂದು ಮೈಮೇಲಿನ ಒದ್ದೆ ಪಂಚೆ ಆರುವ ತನಕ ಮಾತ್ರ ಬರೆಯುತ್ತಿದ್ದನಂತೆ ಅಂತ ಅಜ್ಜ ಹೇಳುತ್ತಿದ್ದ. ನನಗೆ ಆ ಪಂಚೆಯದೇ ಚಿಂತೆ. ಬೇಸಿಗೆಯಲ್ಲಿ ಗದಗಿನ ಬಿಸಿಲಿಗೆ ಪಂಚೆ ಎಷ್ಟು ಹೊತ್ತು ಒದ್ದೆ ಇರುತ್ತದೆ? ಹಾಗಾದರೆ ಆ ದೊಡ್ಡ ಪುಸ್ತಕ ಮಳೆಗಾಲದಲ್ಲೇ ಬರೆದಿರಬೇಕು ಅಂತ ಲೆಕ್ಕ ಹಾಕಿದ್ದೆ. ಗುಡಿಯಿಂದ ನನಗೆ ಉಳಿದಿದ್ದು ಅಷ್ಟೇ. ನಮ್ಮ ನಿಜವಾದ ಜಾಗ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಹಿಂದಿನ ಬಯಲು, ಅಲ್ವಾ?

ಅದು ನಿನಗೆ ಮರೆತಿರಲು ಸಾಧ್ಯವೇ ಇಲ್ಲ. ಚಕ್ಕಡಿಗಳು ಹತ್ತಿ ಸುರಿದು ಹೋದ ಮೇಲೆ ಮನೆ ಎತ್ತರದ ಬಿಳಿ ಗುಡ್ಡ. ಗೋಡೆ ಹತ್ತಿ, ಕಣ್ಣು ಮುಚ್ಚಿ ಹಾರೋದು. ದೂರದಿಂದ ಹಾಸಿಗೆ ಥರ ಕಾಣುತ್ತದೆ, ಆದರೆ ಒಳಗೆ ಬೀಜ ಇರುತ್ತದಲ್ಲ, ಮೊಣಕೈಗೆಲ್ಲ ಚುಚ್ಚುತ್ತಿತ್ತು. ಎದ್ದು ಬಂದರೆ ರೆಪ್ಪೆ, ಹುಬ್ಬು, ಕಿವಿಯ ಒಳಗೆಲ್ಲ ಬಿಳಿ ಎಳೆ. ಮನೆಗೆ ಹೋದ ಕೂಡಲೆ ಅವ್ವನಿಗೆ ಗೊತ್ತಾಗುತ್ತಿತ್ತು, ಯಾಕೆಂದರೆ ಅಂಗಿ ಝಾಡಿಸಿದರೂ ರಾತ್ರಿಯಿಡೀ ಕೆಮ್ಮು. ಕಾವಲುಗಾರ ಬಂದರೆ ನೀನು ಒಂದು ಕಡೆ, ನಾನು ಒಂದು ಕಡೆ. ಯಾವಾಗಲೂ ಸಿಕ್ಕಿಬೀಳುತ್ತಿದ್ದವನು ನಾನೇ.

ಹಾಡಿನ ವಿಷಯ ಇನ್ನೂ ನಾಚಿಕೆಗೇಡು. ಅಜ್ಜ ಧಾರವಾಡ ಆಕಾಶವಾಣಿ ಹಚ್ಚುತ್ತಿದ್ದ. ಶಾಸ್ತ್ರೀಯ ಸಂಗೀತ ಶುರುವಾದರೆ ನಾವು ಹೊರಗೆ. ಆದರೆ ಪೇಟೆ ಧಾರಣೆ ಹೇಳುವಾಗ ನಾನು ರೇಡಿಯೋದ ಪಕ್ಕ ಬಂದು ಕೂರುತ್ತಿದ್ದೆ. ರೇಟಿಗಲ್ಲ, ಹೆಸರಿಗೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ ಬೇರೆ, ಕಡ್ಡಿ ಬೇರೆ. ಹತ್ತಿಯಲ್ಲಿ ಜಯಧರ, ಜಯಲಕ್ಷ್ಮಿ. ಈ ಜಯಧರ ಮತ್ತು ಜಯಲಕ್ಷ್ಮಿ ಅಣ್ಣ-ತಂಗಿ ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ಅಣ್ಣನಿಗಿಂತ ತಂಗಿಗೆ ಯಾಕೆ ಜಾಸ್ತಿ ರೇಟು ಅಂತ ಅಜ್ಜನನ್ನು ಕೇಳಿದ್ದೆ. ಅಜ್ಜ ಸುಮ್ನೆ "ಆಕಿ ಎಳಿ ಉದ್ದ ಐತಿ" ಅಂದ. ಅದು ಹತ್ತಿಯ ಎಳೆಯ ಮಾತು ಅಂತ ಗೊತ್ತಾಗಲು ಹತ್ತು ವರ್ಷ ಬೇಕಾಯಿತು. ನಾನು ಜಡೆ ಅಂದುಕೊಂಡಿದ್ದೆ.

ಭೀಮಸೇನ ಜೋಶಿಯವರ ಹಾಡಲ್ಲ, ಅವರು ಓಡಿಹೋದ ಕಥೆ ನಮಗೆ ಇಷ್ಟವಿತ್ತು. 1933ರಲ್ಲಿ, 11 ವರ್ಷದ ಹುಡುಗ, ಗುರು ಬೇಕು ಅಂತ ಗದಗಿನ ಮನೆ ಬಿಟ್ಟು ಹೋದ. ಎಲ್ಲೆಲ್ಲೋ ಸುತ್ತಿ ಕೊನೆಗೆ ಗುರು ಸಿಕ್ಕಿದ್ದು ಕುಂದಗೋಳದಲ್ಲಿ, ಅಂದರೆ ಇಲ್ಲೇ ಪಕ್ಕದಲ್ಲಿ. ನಾವೂ ಅದೇ ವಯಸ್ಸಿಗೆ ಓಡಿಹೋದೆವಲ್ಲ! ಟಿಕೆಟ್ ಇಲ್ಲದೆ ಹುಬ್ಬಳ್ಳಿ ಗಾಡಿ ಹತ್ತಿ, ಅಣ್ಣಿಗೇರಿಯಲ್ಲಿ ಇಳಿದು, ಹಸಿವಾಗಿ, ಸಂಜೆ ಗಾಡಿಗೆ ವಾಪಸ್. ಇಬ್ಬರಿಗೂ ಯಾವ ಗುರು ಬೇಕು ಅಂತಲೇ ಗೊತ್ತಿರಲಿಲ್ಲ.

ಇರಲಿ, ಆಟಿಕೆಗೆ ಬರುತ್ತೇನೆ.

ಮಗಳು "ಆಟಿಕೆ?" ಅಂದಾಗ ಈ ಸಲ ನಾನು ಬಾಯಿ ಮುಚ್ಚಿಕೊಂಡು ಕೂತೆ. ಗೋಟಿ, ಬುಗುರಿ, ಚಿನ್ನಿದಾಂಡು ಎಲ್ಲ ಬಂದು ಹೋದವು. ಅವೆಲ್ಲ ಓಣಿಯ ಎಲ್ಲ ಹುಡುಗರದ್ದೂ ಹೌದು. ಆಮೇಲೆ ಇದ್ದಕ್ಕಿದ್ದಂತೆ ಕಣ್ಣ ಮುಂದೆ ಬಂದಿದ್ದು ಸಕ್ಕರೆಯ ಒಂಟೆ. ಗುಲಾಬಿ ಬಣ್ಣ, ಬೆನ್ನ ಮೇಲೆ ಡುಬ್ಬ, ಕತ್ತು ಉದ್ದ. ಆದರೆ ಅದು ನನ್ನದಲ್ಲ. ಅದು ಅಕ್ಕನದು.

ದೀಪಾವಳಿ ಕಳೆದ ಮೇಲಿನ ಗೌರಿ ಹುಣ್ಣಿಮೆ ಬಂದರೆ ನನಗೆ ಹೊಟ್ಟೆಯಲ್ಲಿ ಬೆಂಕಿ. ಹೆಣ್ಣುಮಕ್ಕಳು ರೇಷ್ಮೆ ಲಂಗ ಉಟ್ಟು, ತಟ್ಟೆಯಲ್ಲಿ ಆನೆ, ಒಂಟೆ, ನವಿಲು, ತೇರು, ಬಸವಣ್ಣ ಎಲ್ಲ ಸಕ್ಕರೆಯಲ್ಲೇ ಜೋಡಿಸಿ, ನಡುವೆ ದೀಪ ಇಟ್ಟುಕೊಂಡು ಗೌರಿಗೆ ಬೆಳಗಲು ಹೋಗೋದು. ಹುಡುಗರಿಗೆ ಏನೂ ಇಲ್ಲ. ನಾವು ಬರೀ ಹಿಂದಿನಿಂದ ನಡೆಯಬೇಕು. ದೀಪದ ಬೆಳಕು ಆ ಸಕ್ಕರೆ ಮೈ ಒಳಗೆ ಹೊಕ್ಕು ಇಡೀ ಪ್ರಾಣಿ ಒಳಗಿಂದ ಹೊಳೆಯುತ್ತಿತ್ತು, ನೆನಪಿದೆಯಾ? ಅಷ್ಟು ಚೆಂದದ ವಸ್ತು ನಾನು ಆಮೇಲೆ ಜಾಸ್ತಿ ನೋಡಿಲ್ಲ.

ಬೆಳಗಿ ಬಂದ ಮೇಲೆ ಆರತಿ ಜಗಲಿ ಮೇಲೆ. ನಾಳೆ ಹಂಚೋಣ ಅಂತ ಅವ್ವ. ನಾವು ಕಾಯಲಿಲ್ಲ. ನೀನು ನಮ್ಮನೆಯಲ್ಲೇ ಮಲಗಿದ್ದೆ ಅವತ್ತು. ರಾತ್ರಿ ಕತ್ತಲಲ್ಲಿ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಕೂತು, ನಾನು ಕತ್ತು, ನೀನು ಕಾಲು. ಮೊದಲ ಕಚ್ಚು ಹಲ್ಲಿಗೆ ಕಲ್ಲು ಸಿಕ್ಕ ಹಾಗೆ. ಆಮೇಲೆ ಹರಳು ಹರಳಾಗಿ ಪುಡಿಯಾಗಿ, ನಿಂಬೆಯ ಸಣ್ಣ ಹುಳಿ. ಸದ್ದಾಗಬಾರದು ಅಂತ ಅಗಿಯದೆ ಚೀಪಿದೆವು. ಪೂರ್ತಿ ತಿನ್ನಲಾಗಲಿಲ್ಲ. ಉಳಿದ ತುಂಡಿನ ಮೇಲೆ ನೀನು ಸೇಫ್ಟಿ ಪಿನ್ನಿನಿಂದ ಗೀರಿ ಗೀರಿ ಇಲಿ ಹಲ್ಲಿನ ಗುರುತು ಮಾಡಿ, ವಾಪಸ್ ಜಗಲಿ ಮೇಲೆ ಇಟ್ಟೆ. ಆ ತಲೆ ಎಲ್ಲಿಂದ ಬಂತೋ ನಿನಗೆ! ಬೆಳಿಗ್ಗೆ ಅಕ್ಕ ಅತ್ತಳು. ಅಪ್ಪ ಇಲಿ ಬೋನು ತಂದ. ಆ ಬೋನಿಗೆ ನಿಜಕ್ಕೂ ಒಂದು ಇಲಿ ಬಿತ್ತು, ಪಾಪ.

ಮಗಳಿಗೆ ಕದ್ದ ಭಾಗ ಬಿಟ್ಟು ಉಳಿದಿದ್ದು ಹೇಳಿದೆ. ಬರೆಯುವ ಮೊದಲು ಅವಳು ಅತ್ತೆಗೆ ಫೋನ್ ಹಚ್ಚಿದಳು. ಅಕ್ಕ ಈಗ ಹಾವೇರಿಯಲ್ಲಿದ್ದಾಳೆ. ಸ್ಪೀಕರಿನಲ್ಲೇ ಅಂದಳು: "ಒಂಟಿ ಅಲ್ಲೋ ಹುಚ್ಚಾ, ಆನಿ. ಬಿಳಿ ಆನಿ. ಸೊಂಡಿ ಇಲಿ ತಿಂದಿತ್ತಲ್ಲ?" ಇಷ್ಟು ವರ್ಷವಾದರೂ ಅವಳಿಗೆ ಅದು ಇಲಿಯೇ. ನಾನು ವಾದ ಮಾಡಿದೆ. ಬಣ್ಣ ಸಮೇತ ಹೇಳಿದೆ. ಅವಳೂ ಬಣ್ಣ ಸಮೇತ ಹೇಳಿದಳು. ಅವಳ ದನಿಯಲ್ಲಿ ಒಂದು ಚೂರೂ ಅನುಮಾನ ಇರಲಿಲ್ಲ ಕಣೋ, ಅದೇ ನನ್ನನ್ನು ಹೆದರಿಸಿದ್ದು.

ಮೊನ್ನೆ ಭಾನುವಾರ ಗದಗಿಗೆ ಹೋಗಿದ್ದೆ, ಬೇರೆ ಕೆಲಸಕ್ಕೆ. ಹಬ್ಬ ಹತ್ತಿರ ಬಂದಿದೆಯಲ್ಲ, ಬೆಟಗೇರಿಯಲ್ಲಿ ಒಂದು ಮನೆ ಮುಂದೆ ಪಾಕದ ವಾಸನೆ ಬಂತು, ನಿಂತೆ. ಒಬ್ಬರು ಒಲೆ ಮುಂದೆ, ಒಬ್ಬರು ಅಚ್ಚಿನ ಮುಂದೆ. ಸಾಗವಾನಿ ಕಟ್ಟಿಗೆಯ ಅಚ್ಚುಗಳು, ಎರಡೆರಡು ಹೋಳು, ನೀರಿನಲ್ಲಿ ನೆನೆಹಾಕಿದ್ದರು. ಒಣ ಅಚ್ಚಿಗೆ ಹಾಕಿದರೆ ಸಕ್ಕರೆ ಹಿಡಿದು ಬಿಡುತ್ತದಂತೆ. ಪಾಕಕ್ಕೆ ಸ್ವಲ್ಪ ಹಾಲು ಹಾಕಿದರು, ಕೊಳೆಯೆಲ್ಲ ನೊರೆಯಾಗಿ ಮೇಲೆ ಬಂತು, ತೆಗೆದು ಚೆಲ್ಲಿದರು. ಆಮೇಲೆ ನಿಂಬೆ ಹಿಂಡಿದರು. ಆಮೇಲೆ ಒಂದು ಸಣ್ಣ ಪಾತ್ರೆಗೆ ಬಗ್ಗಿಸಿಕೊಂಡು ತಿರುವಿದ್ದೇ ತಿರುವಿದ್ದು. ನೀರಿನ ಹಾಗಿದ್ದ ಪಾಕ ನೋಡ್ತಾ ನೋಡ್ತಾ ಮಂಜಾಗಿ ಬೆಳ್ಳಗಾಯಿತು. ಹಾಗೆ ತಿರುವಿದರೇ ಅದು ಹರಳುಗಟ್ಟೋದು, ಇಲ್ಲದಿದ್ದರೆ ಬರೀ ಅಂಟು. ಹೋಳು ಜೋಡಿಸಿ, ಬಿಗಿದು ಕಟ್ಟಿ, ಸುರಿದು, ಕೆಲವೇ ನಿಮಿಷಕ್ಕೆ ಬಿಚ್ಚಿದರು. ಒಳಗೆ ನವಿಲು. ನಾನು ಅಲ್ಲಿ ಒಂದು ತಾಸು ನಿಂತಿರಬೇಕು. ಕೆಲಸ ಹಾಗೇ ಉಳಿಯಿತು.

ಒಂಟೆ ಅಚ್ಚು ಇದೆಯಾ ಅಂತ ಕೇಳಿದೆ. ಇತ್ತು. ಆನೆಯೂ ಇತ್ತು. "ಒಂಟಿ ಭಾಳ ತ್ರಾಸ್ ರೀ, ಬಿಚ್ಚೂವಾಗ ಕುತ್ತಿಗಿ ಮುರೀತದ. ಮುರಿದದ್ದು ಆರತಿಗೆ ನಡೆಯಂಗಿಲ್ಲ, ಓಣಿ ಹುಡುಗೂರಿಗೆ ಕೊಟ್ಟುಬಿಡೋದು" ಅಂದರು ಆ ಅಮ್ಮ.

ಈಗ ನನ್ನ ಕಷ್ಟ ನೋಡು. ಮುರಿದ ಒಂಟೆ ನಮಗೂ ಯಾವಾಗಲೋ ಸಿಕ್ಕಿರಬಹುದು. ಹಾಗೇ ಸಿಕ್ಕಿದ್ದು, ಕದಿಯದೇ ಇದ್ದಿದ್ದು, ಹಗಲು ಹೊತ್ತಿನಲ್ಲೇ ತಿಂದಿದ್ದು. ಕದ್ದಿದ್ದು ಆನೆ ಇರಬಹುದು. ನಾನು ಎರಡನ್ನೂ ಒಂದೇ ರಾತ್ರಿಗೆ ಹಾಕಿ ಕೂತಿದ್ದೇನಾ? ಆದರೆ ನನ್ನ ಬಾಯಿಗೆ ಈಗಲೂ ಕತ್ತೇ ನೆನಪಿದೆ. ಸೊಂಡಿಲಾದರೆ ಅದು ಮುಂದೆ ಬಗ್ಗಿರುತ್ತದೆ, ತುಟಿಗೆ ಚುಚ್ಚಬೇಕಿತ್ತು.

ನಿನಗೆ ಕಾಲು ಬಂದಿತ್ತು. ದಪ್ಪ ಇದ್ದವಾ, ಸಣ್ಣ ಇದ್ದವಾ? ಅಷ್ಟು ಹೇಳು ಸಾಕು. ಮತ್ತೆ ಪಿನ್ನಿನಿಂದ ಗೀರುವಾಗ ನಿನ್ನ ಬೆರಳಿಗೆ ಹತ್ತಿದ್ದು ಗುಲಾಬಿ ಪುಡಿಯಾ, ಬಿಳಿಯಾ?

ಇದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಅಕ್ಕ ಓದಿಯೇ ಓದುತ್ತಾಳೆ. ಓದಲಿ. ಮೂರು ವರ್ಷಕ್ಕೊಮ್ಮೆ ಫೋನ್ ತೆಗೆಯುವ ನಿನ್ನನ್ನು ಹಿಡಿಯಲು ಬೇರೆ ದಾರಿ ಇಲ್ಲ. ಹಾಳೆಯಲ್ಲಿ ಆಟಿಕೆಯ ಗೆರೆ ಇನ್ನೂ ಖಾಲಿ ಇದೆ. ಉಳಿದ ಮೂರನ್ನು ಮಗಳು ರಬ್ಬರಿನಿಂದ ಅಳಿಸಿ, ಚುರುಮುರಿ, ಹತ್ತಿ ಗುಡ್ಡ, ಪೇಟೆ ಧಾರಣೆ ಅಂತ ಬರೆದಿದ್ದಾಳೆ. ಟೀಚರ್ ಏನಂದುಕೊಳ್ಳುತ್ತಾರೋ ಗೊತ್ತಿಲ್ಲ. ಸೋಮವಾರ ಕೊಡಬೇಕು. ಅಷ್ಟರೊಳಗೆ ಬರಿ.

ಇಂತಿ ನಿನ್ನ,
ಕತ್ತು ತಿಂದವನು