ಹಾಡು ಬಲ್ಲ ದೊರೆಗೆ ಬೀದರ್ ವಿಶ್ವವಿದ್ಯಾಲಯದಲ್ಲೊಂದು ಪೀಠ ಬೇಕು

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಬಸವಕಲ್ಯಾಣದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವ ಶಿಕ್ಷಕ. ರಾಜ್ಯದ ವಿಶ್ವವಿದ್ಯಾಲಯಗಳಿಗೆ ತಾವು ಸಮಕುಲಾಧಿಪತಿಗಳು. ಬೀದರ್ ವಿಶ್ವವಿದ್ಯಾಲಯದಲ್ಲಿ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಸಂಗೀತ ಅಧ್ಯಯನ ಪೀಠ ಸ್ಥಾಪಿಸಿಕೊಡಿ ಎಂದು ಕೇಳಲು ಈ ಪತ್ರ.

ಸೋಮೇಶ್ವರ ಕಲ್ಯಾಣ ಚಾಲುಕ್ಯರ ದೊರೆ, ಆರನೆಯ ವಿಕ್ರಮಾದಿತ್ಯನ ಮಗ. 1126ರಿಂದ 1138ರವರೆಗೆ ಇದೇ ಕಲ್ಯಾಣದಿಂದ ಆಳಿದವನು. ಅವನ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ನೂರು ಅಧ್ಯಾಯಗಳಿವೆ. ಅಡುಗೆ, ಆನೆ, ಔಷಧಗಳ ಜೊತೆಗೆ ಗೀತ, ವಾದ್ಯ, ನೃತ್ಯಗಳಿಗೂ ಅಲ್ಲಿ ವಿಸ್ತಾರವಾದ ಜಾಗ ಸಿಕ್ಕಿದೆ. ಪ್ರಬಂಧಗಳ, ಅಂದರೆ ಆ ಕಾಲದ ಹಾಡಿನ ಪ್ರಕಾರಗಳ ಲಕ್ಷಣ ಹೇಳಿ ಸುಮ್ಮನಾಗದೆ, ಹಾಡಲು ಸಾಹಿತ್ಯವನ್ನೂ ಉದಾಹರಣೆಯಾಗಿ ಕೊಟ್ಟಿದ್ದಾನೆ. ಅವನ ಮಗ ಇಮ್ಮಡಿ ಜಗದೇಕಮಲ್ಲ 'ಸಂಗೀತ ಚೂಡಾಮಣಿ' ಬರೆದ. ಮುಂದೆ ದೇವಗಿರಿಯಲ್ಲಿ ಕೂತು 'ಸಂಗೀತ ರತ್ನಾಕರ' ಬರೆದ ಶಾರ್ಙ್ಗದೇವ, ತನಗಿಂತ ಹಿಂದಿನ ಆಚಾರ್ಯರನ್ನು ನೆನೆಯುವಾಗ ಈ ತಂದೆ-ಮಗ ಇಬ್ಬರನ್ನೂ ಹೆಸರಿಸುತ್ತಾನೆ. ಪರೀಕ್ಷೆಗೆ ಕೂರುವ ನನ್ನ ವಿದ್ಯಾರ್ಥಿಗಳು ಶಾರ್ಙ್ಗದೇವನ ಬಗ್ಗೆ ಪುಟಗಟ್ಟಲೆ ಬಾಯಿಪಾಠ ಮಾಡುತ್ತಾರೆ. ಅವನಿಗೆ ದಾರಿ ತೋರಿದವರು ನಮ್ಮೂರ ಕೋಟೆಯ ದೊರೆಗಳು ಎಂದು ನಾನು ಹೇಳಿದರೆ ಅವರಿಗೆ ನಂಬಿಕೆಯೇ ಬರುವುದಿಲ್ಲ.

ಈ ಪುಸ್ತಕಗಳನ್ನು ನಮಗೆ ಉಳಿಸಿಕೊಟ್ಟಿದ್ದು ಬರೋಡ. 'ಮಾನಸೋಲ್ಲಾಸ'ದ ಮೊದಲ ಸಂಪುಟ ಅಲ್ಲಿಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ 1925ರಲ್ಲಿ ಬಂತು, ಕೊನೆಯದು 1961ರಲ್ಲಿ. 'ಸಂಗೀತ ಚೂಡಾಮಣಿ' 1958ರಲ್ಲಿ. ಅಷ್ಟರಲ್ಲಿ ಆ ಪ್ರಾಚ್ಯ ಸಂಸ್ಥೆ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಎಲ್ಲಿಯ ಕಲ್ಯಾಣ, ಎಲ್ಲಿಯ ಬರೋಡ! ಅವರ ಋಣ ದೊಡ್ಡದು. ಆದರೆ ಅಚ್ಚಾದ ಸಂಸ್ಕೃತ ಶ್ಲೋಕವನ್ನು ಮತ್ತೆ ಕೊರಳಿಗೆ ತರುವ ಕೆಲಸ ಬರೋಡದ್ದಲ್ಲ, ನಮ್ಮದು.

ಯಾಕೆ ನಮ್ಮದು ಎಂದರೆ, ಸೋಮೇಶ್ವರ ಕೇಳಿಸಿಕೊಂಡ ಹಾಡುಗಳು ಇದೇ ಸೀಮೆಯವು. ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ ಹಾಡುತ್ತಾರೆ, ಕಥೆಗೆ ಷಟ್ಪದಿ ಸೇರುತ್ತದೆ, ಮದುವೆಗೆ ಧವಳ ಎಂದು ಬರೆದಿಟ್ಟಿದ್ದಾನೆ. ದೊರೆಯೊಬ್ಬ ಒರಳಿನ ಮುಂದೆ ಹುಟ್ಟುವ ಹಾಡನ್ನು ಶಾಸ್ತ್ರದೊಳಗೆ ತಂದು ಕೂರಿಸಿದ್ದು ಸಣ್ಣ ಮಾತಲ್ಲ. ಇವತ್ತಿಗೂ ಬಸವಕಲ್ಯಾಣ, ಭಾಲ್ಕಿ ಕಡೆಯ ಹಳ್ಳಿಗಳಲ್ಲಿ ಕನ್ನಡದ ಬೀಸುವ ಪದ, ಮರಾಠಿಯ ಓವಿ ಎರಡನ್ನೂ ಬಲ್ಲ ಅಜ್ಜಿಯರಿದ್ದಾರೆ. ತವರಿನದು ಒಂದು ಭಾಷೆ, ಗಂಡನ ಮನೆಯದು ಇನ್ನೊಂದು. ಒಂದರ ಧಾಟಿ ಇನ್ನೊಂದರೊಳಗೆ ಯಾವ ಅಡೆತಡೆಯೂ ಇಲ್ಲದೆ ಹೋಗಿ ಬರುತ್ತದೆ. ಊರೂರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಸೊಸೆಯಂದಿರು ಅದನ್ನು ಕಲಿತಿಲ್ಲ.

ಇನ್ನೊಂದು ಸಂಗತಿಯಂತೂ ನನಗೆ ಬಲು ಪ್ರೀತಿಯದು. ಕಾಕತೀಯರ ಸೇನಾನಿ ಜಾಯಪ 'ನೃತ್ತ ರತ್ನಾವಳಿ'ಯಲ್ಲಿ ಹೇಳುತ್ತಾನೆ: ಕಲ್ಯಾಣದ ಭೂತಮಾತೃ ಉತ್ಸವದಲ್ಲಿ ಭಿಲ್ಲ ಹೆಣ್ಣಿನ ವೇಷ ತೊಟ್ಟವಳೊಬ್ಬಳು ಹಾಡುತ್ತ ಕುಣಿಯುತ್ತಿದ್ದಳು, ಅದನ್ನು ಕಂಡು ಮೆಚ್ಚಿದ ಸೋಮೇಶ್ವರ ಗೊಂಡಲಿ ಎಂಬ ನೃತ್ಯವಿಧಿಯನ್ನು ರೂಪಿಸಿದ. ಈಗಲೂ ನಮ್ಮ ಭಾಗದಲ್ಲಿ ಮದುವೆಯಾದ ಮನೆಯವರು ಅಂಬಾಭವಾನಿಗೆ ಗೊಂದಲ ಎಂಬ ಹಾಡಿನ ಸೇವೆ ಹಾಕಿಸುತ್ತಾರೆ. ದೀವಟಿಗೆ ಹಚ್ಚಿ, ಸಂಬಾಳ ಬಾರಿಸಿ, ತುಂತುಣಿ ಮೀಟುತ್ತ ಗೊಂದಲಿಗರು ಬೆಳಗಿನ ತನಕ ಹಾಡುತ್ತಾರೆ. ಆ ಗೊಂಡಲಿಗೂ ಈ ಗೊಂದಲಕ್ಕೂ ಇರುವ ನಂಟು ಎಂಥದ್ದು? ಪುಸ್ತಕ ಬಲ್ಲವರು, ಸಂಬಾಳ ಬಲ್ಲವರು ಒಂದೇ ಕೋಣೆಯಲ್ಲಿ ಕೂತು ತಾಳ ಹಾಕಿ ನೋಡದ ಹೊರತು ಇದು ಬಗೆಹರಿಯುವುದಿಲ್ಲ. ವಿಶ್ವವಿದ್ಯಾಲಯ ಇರುವುದೇ ಇಂಥ ಕೋಣೆಗಾಗಿ.

ಸಚಿವರೇ, ಪೀಠ ಎಂದರೆ ಬಾಗಿಲಿಗೊಂದು ಬೋರ್ಡು, ವರ್ಷಕ್ಕೊಂದು ವಿಚಾರ ಸಂಕಿರಣ ಎಂಬಂತಾಗಿದೆ ಎಷ್ಟೋ ಕಡೆ. ಅಂಥದ್ದು ಬೇಡ. ಪುತ್ಥಳಿಯೂ ಬೇಡ, ವಿಶ್ವವಿದ್ಯಾಲಯದ ಹೆಸರು ಬದಲಿಸುವುದೂ ಬೇಡ. ಹಾಡಬಲ್ಲ ಒಬ್ಬ ಪ್ರಾಧ್ಯಾಪಕರು, ಸಂಸ್ಕೃತ ಮತ್ತು ಹಳಗನ್ನಡ ಬಲ್ಲ ಒಬ್ಬ ಸಂಶೋಧಕರು, ಧ್ವನಿಮುದ್ರಣಕ್ಕೊಂದು ಒಳ್ಳೆಯ ಕೋಣೆ, ಗೊಂದಲಿಗರಿಗೂ ಹಾಡುವ ಅಜ್ಜಿಯರಿಗೂ ಬಂದ ದಿನವೇ ಕೈಗೆ ಸಿಗುವ ಗೌರವಧನ. ಮೊದಲು ಧ್ವನಿಮುದ್ರಣ ಆಗಲಿ. ಶ್ಲೋಕ ಕಾಯುತ್ತದೆ, ವಯಸ್ಸು ಕಾಯುವುದಿಲ್ಲ.

ಪದವಿ ಇಲ್ಲದವರನ್ನು ಹೇಗೆ ನೇಮಿಸುವುದು ಎಂದು ಕಡತ ನಿಲ್ಲಬಾರದು. ಶಾಲೆಯ ಓದು ಹೆಚ್ಚೇನೂ ಇಲ್ಲದ ಮಲ್ಲಿಕಾರ್ಜುನ ಮನ್ಸೂರರು ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ಗೌರವ ನಿರ್ದೇಶಕರಾಗಿದ್ದರು. ಆ ವಿಶ್ವವಿದ್ಯಾಲಯದ ಕಲಬುರಗಿ ಕೇಂದ್ರವೇ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಅದರ ಹಾಲಹಳ್ಳಿ ಕೇಂದ್ರದಿಂದ ಬೀದರ್ ವಿಶ್ವವಿದ್ಯಾಲಯ ಬಂತು. ಮೇಲ್ಪಂಕ್ತಿ ಮನೆಯೊಳಗೇ ಇದೆ. ಸಾಲದಿದ್ದರೆ, ಪದವಿಗಿಂತ ಅನುಭವ ನೋಡಿ ನೇಮಿಸಿಕೊಳ್ಳಲು ಯುಜಿಸಿ 2022ರಲ್ಲೇ 'ಪ್ರೊಫೆಸರ್ ಆಫ್ ಪ್ರ್ಯಾಕ್ಟಿಸ್' ಎಂಬ ದಾರಿ ತೆರೆದಿದೆ.

ನಮ್ಮ ಭಾಗಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟಿರಿ. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪ ಏಳುತ್ತಿದೆ, ಸಂತೋಷ. ಶರಣರು ಬರುವ ಮೊದಲೇ ಈ ಊರು ಹಾಡಿಗೆ ಕಿವಿಗೊಟ್ಟ ಊರಾಗಿತ್ತು ಎಂಬುದಕ್ಕೂ ಒಂದು ನೆಲೆ ಸಿಗಲಿ. ಹಣದ ಪ್ರಶ್ನೆ ಬಂದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೊಂದಿಗೆ ತಾವೇ ಮಾತನಾಡಿ. ಕುಲಪತಿಗಳಿಂದ ಪ್ರಸ್ತಾವ ತರಿಸಿಕೊಂಡು ಮುಂದಿನ ಬಜೆಟ್ಟಿನೊಳಗೆ ತೀರ್ಮಾನ ತಿಳಿಸಿ. ತಾಲ್ಲೂಕಿನಲ್ಲಿ ಯಾವ ಊರಲ್ಲಿ ಯಾರು ಏನು ಹಾಡುತ್ತಾರೆ ಎಂಬ ಪಟ್ಟಿಯನ್ನು ನಾನು ಬರೆದು ಕೊಡುತ್ತೇನೆ. ಅದಕ್ಕೆ ಸಂಬಳ ಬೇಕಿಲ್ಲ.

ತಮ್ಮ ವಿಶ್ವಾಸಿ,
ಒಬ್ಬ ಸಂಗೀತ ಶಿಕ್ಷಕ
ಬಸವಕಲ್ಯಾಣ, ಬೀದರ್ ಜಿಲ್ಲೆ