ಈಜು ಪಾಠಕ್ಕೆ ಎಲ್ಲ ಮಕ್ಕಳೂ ಬರಲಿ: 1ರಿಂದ 3ನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ವಿಷಯ: ಶಿವರಾತ್ರಿಯ ನಂತರ ಆರಂಭವಾಗುವ ಈಜು ಮತ್ತು ನೀರಿನ ಸುರಕ್ಷತೆಯ ಪಾಠಗಳು

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತ ಹೋಗುತ್ತದೆ. ಅದರ ಮುಂದಿನ ವಾರದಿಂದ 1, 2 ಮತ್ತು 3ನೇ ತರಗತಿಯ ಮಕ್ಕಳಿಗೆ ತಾಲ್ಲೂಕು ಈಜುಕೊಳದಲ್ಲಿ ವಾರಕ್ಕೆರಡು ದಿನದಂತೆ ಒಟ್ಟು 12 ಪಾಠಗಳು ನಡೆಯುತ್ತವೆ. ಈ ಹೊತ್ತನ್ನೇ ಆರಿಸಲು ಎರಡು ಕಾರಣ. ಆರೇಳು ವರ್ಷದ ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ. ನೀರು 28 ಡಿಗ್ರಿಗಿಂತ ತಂಪಾಗಿದ್ದರೆ ಸ್ವಲ್ಪ ಹೊತ್ತಿಗೇ ಹಲ್ಲು ಕಟಕಟಿಸುತ್ತದೆ, ನಡುಗುವ ಮಗುವಿಗೆ ಪಾಠ ತಲೆಗೆ ಹತ್ತುವುದಿಲ್ಲ. ಇನ್ನೊಂದು ಕಾರಣ ಬೇಸಿಗೆ ರಜೆ. ಪಾಠ ಮುಗಿದ ಬೆನ್ನಿಗೇ ಮಕ್ಕಳು ಅಜ್ಜಿ ಊರಿನ ಕೆರೆ, ಕಾಲುವೆ, ಕೃಷಿ ಹೊಂಡದ ಹತ್ತಿರ ಇರುತ್ತಾರೆ.

ಈಗಾಗಲೇ ಕೆಲವರಿಂದ ‘ನಮ್ಮ ಮಗುವಿಗೆ ಬೇಡ’ ಎಂಬ ಚೀಟಿಗಳು ಬಂದಿವೆ. ನೀರು ಕಂಡರೆ ಭಯ, ಫಿಟ್ಸ್ ಇದೆ, ಕಾಲಿಗೆ ಶಕ್ತಿ ಇಲ್ಲ, ಹೆಣ್ಣುಮಗು, ಬಿಸಿಲಿಗೆ ಕಪ್ಪಾಗುತ್ತಾಳೆ ಎಂದೆಲ್ಲ ಬರೆದಿದ್ದೀರಿ. ಒಂದೊಂದಕ್ಕೂ ಕೆಳಗೆ ಉತ್ತರವಿದೆ. ಆದರೆ ಒಂದು ಮಾತು ಮೊದಲೇ ಹೇಳಬೇಕು. ಈಜುಕೊಳದಿಂದ ದೂರ ಇಟ್ಟ ಮಗು ನೀರಿನಿಂದ ದೂರ ಉಳಿಯುವುದಿಲ್ಲ. ಮನೆಯ ಸಂಪು, ತೋಟದ ಹೊಂಡ, ಊರ ಕೆರೆ ಎಲ್ಲವೂ ಅದಕ್ಕೂ ಅಷ್ಟೇ ಹತ್ತಿರ. ಯಾರನ್ನು ನಾವು ‘ಪಾಪ, ಬೇಡ’ ಎಂದು ದಡದಲ್ಲಿ ಕೂರಿಸುತ್ತೇವೋ ಅವರಿಗೇ ಈ ಪಾಠ ಹೆಚ್ಚು ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಮು ಕೂಡ ಆಟೋಟದಲ್ಲಿ ಉಳಿದವರಷ್ಟೇ ಅವಕಾಶ ಕೊಡುವುದು ಶಾಲೆಯ ಕರ್ತವ್ಯ ಎನ್ನುತ್ತದೆ. ಬೆಂಗಳೂರಿನ ಶರತ್ ಗಾಯಕ್ವಾಡ್ ಅವರ ಎಡಗೈ ಹುಟ್ಟಿನಿಂದಲೇ ಸರಿಯಾಗಿ ಬೆಳೆದಿರಲಿಲ್ಲ. ಶಾಲೆಯಲ್ಲಿ ಎಲ್ಲರಿಗೂ ಈಜು ಇದ್ದುದರಿಂದ ಅವರೂ ನೀರಿಗಿಳಿದರು, 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 6 ಪದಕ ಗೆದ್ದರು. ಪದಕದ ಮಾತು ಹಾಗಿರಲಿ, ನಮಗೆ ಬೇಕಾಗಿರುವುದು ಅದಕ್ಕಿಂತ ಬಹಳ ಚಿಕ್ಕದು.

12 ಪಾಠದಲ್ಲಿ ಯಾವ ಮಗುವೂ ಈಜುಗಾರ ಆಗುವುದಿಲ್ಲ. ಆಯತಪ್ಪಿ ನೀರಿಗೆ ಬಿದ್ದರೆ ಮೇಲೆ ಬರಬೇಕು, ಅಂಗಾತ ತೇಲಿ ಉಸಿರಾಡಬೇಕು, ತಿರುಗಿ ಅಂಚು ಹಿಡಿಯಬೇಕು, ಹತ್ತಿ ಹೊರಗೆ ಬರಬೇಕು. ನಮ್ಮ ಗುರಿ ಇಷ್ಟೇ.

ಮೊದಲ ಮೂರು ಪಾಠ ಉಸಿರಿಗೆ. ಕಲಿಕೆಯ ಕೊಳದ ಆಳ ಎರಡೂವರೆ ಅಡಿ. ಮಕ್ಕಳು ಅಂಚಿನಲ್ಲಿ ಕೂತು ಕಾಲು ಬಡಿಯುತ್ತಾರೆ, ಮಗ್ಗಿನಿಂದ ತಲೆಗೆ ತಾವೇ ನೀರು ಸುರಿದುಕೊಳ್ಳುತ್ತಾರೆ, ಆಮೇಲೆ ಮುಖವನ್ನು ನೀರಿಗಿಟ್ಟು ಗುಳುಗುಳು ಊದುತ್ತಾರೆ. ಎಡವುವುದು ಇಲ್ಲೇ. ಮಗು ನೀರೊಳಗೆ ಉಸಿರು ಬಿಡದೆ ಬಿಗಿಹಿಡಿಯುತ್ತದೆ, ತಲೆ ಎತ್ತಿದ ಕ್ಷಣದಲ್ಲಿ ಬಿಡುವುದು ಎಳೆಯುವುದು ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ಮೂಗಿಗೆ ನೀರು ಎಳೆದುಕೊಳ್ಳುತ್ತದೆ. ಇದನ್ನು ಮನೆಯಲ್ಲೇ ರೂಢಿ ಮಾಡಿಸಬಹುದು. ಬೋಗುಣಿಯಲ್ಲಿ ನಾಲ್ಕು ಬೆರಳು ನೀರು ಹಾಕಿ, ಪಕ್ಕದಲ್ಲೇ ಕೂತು ದಿನಕ್ಕೆ ಐದು ಸಲ ಊದಿಸಿ, ಮುಗಿದ ಕೂಡಲೇ ನೀರು ಚೆಲ್ಲಿ. ‘ಎಷ್ಟು ಹೊತ್ತು ಉಸಿರು ಹಿಡೀತೀಯ ನೋಡೋಣ’ ಎಂಬ ಪಂದ್ಯ ಮಾತ್ರ ಬೇಡ. ಪಂದ್ಯಕ್ಕೆ ಮುಂಚೆ ಬುಸುಬುಸು ಉಸಿರಾಡಿ ಮುಳುಗಿದವರು ಯಾವ ಮುನ್ಸೂಚನೆಯೂ ಇಲ್ಲದೆ ನೀರೊಳಗೇ ಪ್ರಜ್ಞೆ ತಪ್ಪಬಹುದು.

ನಾಲ್ಕರಿಂದ ಏಳನೇ ಪಾಠದವರೆಗೆ ತೇಲುವುದು. ಗಾಳಿ ತುಂಬಿದ ಎದೆ ತಾನಾಗಿ ತೇಲುತ್ತದೆ, ಕಾಲು ಭಾರ. ಕಿವಿ ನೀರೊಳಗೆ, ಕಣ್ಣು ಆಕಾಶಕ್ಕೆ, ಹೊಟ್ಟೆ ಮೇಲಕ್ಕೆ, ಕೈ ಅಗಲಕ್ಕೆ ಇದ್ದರೆ ಮೈ ಸಮನಾಗಿ ನಿಲ್ಲುತ್ತದೆ. ಕಾಲು ಕಾಣುತ್ತಾ ಎಂದು ತಲೆ ಎತ್ತಿದರೆ ಸಾಕು, ಸೊಂಟ ಕುಸಿಯುತ್ತದೆ. ಶಿಕ್ಷಕರ ಒಂದು ಕೈ ತಲೆಯ ಕೆಳಗೆ, ಇನ್ನೊಂದು ಸೊಂಟದ ಕೆಳಗೆ ಇರುತ್ತದೆ. ಸೊಂಟದ ಕೈ ಮೊದಲು ಸರಿಯುತ್ತದೆ, ತಲೆಯ ಕೈ ಕೊನೆಗೆ. ತೇಲುವುದಕ್ಕಿಂತ ಮುಂಚೆ ಎದ್ದು ನಿಲ್ಲುವುದನ್ನು ಕಲಿಸುತ್ತೇವೆ. ಮಂಡಿಯನ್ನು ಹೊಟ್ಟೆಗೆ ಎಳೆದು, ಗದ್ದವನ್ನು ಎದೆಗೆ ಒತ್ತಿ, ಕೈಗಳಿಂದ ನೀರನ್ನು ಹಿಂದಿನಿಂದ ಮುಂದಕ್ಕೆ ತಳ್ಳಿ, ಪಾದ ನೆಲಕ್ಕೆ ಸಿಕ್ಕ ಮೇಲೆ ನಿಲ್ಲುವುದು. ಇದು ಬಾರದ ಮಗು ಸೊಂಟದ ಮಟ್ಟದ ನೀರಿನಲ್ಲೂ ಗಾಬರಿಯಾಗಿ ಒದ್ದಾಡುತ್ತದೆ. ಬಹಳ ಕಡೆ ಇದನ್ನು ಕಲಿಸುವುದೇ ಇಲ್ಲ.

ಎಂಟನೆಯದರಿಂದ ನೀರಿಗೆ ಧುಮುಕಿ, ಹಿಂದಕ್ಕೆ ತಿರುಗಿ, ಅಂಚು ಹಿಡಿಯುವುದು. ಕಾಲು ಮೊದಲು, ತಲೆ ಮೊದಲಾಗಿ ಯಾರೂ ಧುಮುಕುವಂತಿಲ್ಲ. ಹತ್ತಲು ‘ಮೊಣಕೈ, ಮೊಣಕೈ, ಹೊಟ್ಟೆ, ಮಂಡಿ’ ಎಂದು ಹೇಳಿಕೊಡುತ್ತೇವೆ, ಮನೆಯಲ್ಲಿ ಜಗಲಿ ಹತ್ತಿಸಿ ನೋಡಿ. ಹನ್ನೊಂದನೇ ಪಾಠಕ್ಕೆ ಮಕ್ಕಳು ಹಳೆಯ ಸಮವಸ್ತ್ರದಲ್ಲೇ ನೀರಿಗಿಳಿಯುತ್ತಾರೆ. ಅವಘಡ ಈಜುಡುಗೆ ಹಾಕಿಕೊಂಡಾಗಲೇ ಆಗುವುದಿಲ್ಲವಲ್ಲ! ಒದ್ದೆ ಬಟ್ಟೆ ನೀರೊಳಗೆ ಅಷ್ಟೇನೂ ಭಾರವಲ್ಲ. ಹೊರಗೆ ಹತ್ತುವಾಗ ಮಣಭಾರ. ಆ ವ್ಯತ್ಯಾಸ ಮೈಗೇ ಗೊತ್ತಾಗಬೇಕು.

ಹಿಂದೆ ನಮ್ಮ ಕಡೆ ಸೊಂಟಕ್ಕೆ ಒಣಗಿದ ಸೋರೆ ಬುರುಡೆಯನ್ನೋ ಬೆಂಡನ್ನೋ ಕಟ್ಟಿ ಬಾವಿಗೆ ಇಳಿಸುತ್ತಿದ್ದರು, ಈಗ ತೋಳಿಗೆ ಗಾಳಿ ಪಟ್ಟಿ, ಸೊಂಟಕ್ಕೆ ಟ್ಯೂಬು. ದಯವಿಟ್ಟು ಇವನ್ನು ಕೊಂಡು ಕಳಿಸಬೇಡಿ. ತೋಳಿನ ಪಟ್ಟಿ ಮಗುವನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸುತ್ತದೆ, ಮುಳುಗುವವರು ಇರುವ ಭಂಗಿಯೂ ಅದೇ. ಮೇಲಾಗಿ ‘ನಾನು ತೇಲುತ್ತೇನೆ’ ಎಂದು ನಂಬಿದ ಮಗು ಪಟ್ಟಿ ಇಲ್ಲದ ದಿನವೂ ಇಳಿದುಬಿಡುತ್ತದೆ. ಟ್ಯೂಬು ಮಗುಚಿದರೆ ತಲೆ ಕೆಳಗಾಗುತ್ತದೆ. ‘ತಳ್ಳಿಬಿಡಿ, ತಾನಾಗಿ ಕಲಿಯುತ್ತೆ’ ಎನ್ನುವ ತಾತಂದಿರಿಗೂ ನಮ್ಮ ವಿನಂತಿ ಇದೆ. ತಳ್ಳಿದ ಮಗು ಬೆಚ್ಚಿ ಒಮ್ಮೆಗೇ ಉಸಿರೆಳೆಯುತ್ತದೆ, ಬಾಯಿ ನೀರೊಳಗಿದ್ದರೆ ನೀರು ಶ್ವಾಸನಾಳಕ್ಕೆ ಹೋಗುತ್ತದೆ. ಭಯವಿರುವ ಮಗು ಮೊದಲ ದಿನ ಮೆಟ್ಟಿಲ ಮೇಲೆ ಪಾದ ನೆನೆಸಿದರೂ ಅದು ಹಾಜರಾತಿಯೇ.

ಆರು ಮಕ್ಕಳಿಗೆ ನೀರಿನಲ್ಲಿ ಒಬ್ಬ ಶಿಕ್ಷಕರು ಇರುತ್ತಾರೆ. ಅವರಲ್ಲದೆ ದಡದ ಮೇಲೆ ಇನ್ನೊಬ್ಬರು ನಿಲ್ಲುತ್ತಾರೆ. ಅವರು ಕಲಿಸುವುದಿಲ್ಲ, ಮೊಬೈಲ್ ಹಿಡಿಯುವುದಿಲ್ಲ, ಟವೆಲ್ ಹಂಚುವುದಿಲ್ಲ. ನೋಡುವುದೊಂದೇ ಅವರ ಕೆಲಸ. ಮಕ್ಕಳಿಗೆ ಜೋಡಿ ಮಾಡಿರುತ್ತೇವೆ. ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದಿದಾಗ ಜೋಡಿಗಳು ಕೈ ಹಿಡಿದು ಮೇಲೆತ್ತಬೇಕು, ತಲೆ ಎಣಿಸುತ್ತೇವೆ. ಇಷ್ಟೆಲ್ಲ ಏಕೆಂದರೆ ಮುಳುಗುವ ಮಗು ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಏಳುತ್ತ ಮುಳುಗುತ್ತ ಇರುವಾಗ ಉಸಿರಿಗೇ ಸಮಯ ಸಾಲದು, ಕೂಗಿಗೆಲ್ಲಿ? ತಲೆ ಹಿಂದಕ್ಕೆ ವಾಲಿ, ಕೈಗಳು ಪಕ್ಕದಲ್ಲಿ ನೀರನ್ನು ಒತ್ತುತ್ತಿರುತ್ತವೆ. ಆಡುತ್ತಿರುವಂತೆಯೇ ಕಾಣುತ್ತದೆ, ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ. ಕೆರೆಯ ಹತ್ತಿರ ನೀವು ‘ಕೂಗಿದರೆ ಓಡಿ ಹೋದರಾಯಿತು’ ಎಂದು ಕೂತಿರಬೇಡಿ.

ಈಗ ಆ ಚೀಟಿಗಳಿಗೆ ಬರುತ್ತೇವೆ.

ಫಿಟ್ಸ್ ಇರುವ ಮಗು ಬರಬಹುದು. ವೈದ್ಯರ ಪತ್ರ ಬೇಕು, ಕೈಗೆಟುಕುವ ದೂರದಲ್ಲಿ ಆ ಮಗುವಿಗೆಂದೇ ಒಬ್ಬರು ಇರುತ್ತಾರೆ. ಬೆಳಗಿನ ಮಾತ್ರೆ ತಪ್ಪಿದ್ದರೆ, ರಾತ್ರಿ ನಿದ್ದೆಗೆಟ್ಟಿದ್ದರೆ ಆ ದಿನ ನೀರಿಲ್ಲ, ಮುಚ್ಚಿಡದೆ ಹೇಳಿ. ನೀರಿನಲ್ಲೇ ಫಿಟ್ಸ್ ಬಂದರೆ ಎಳೆದಾಡದೆ ಮುಖ ಮೇಲಿರುವಂತೆ ತಲೆಯನ್ನು ಹಿಂದಿನಿಂದ ಎತ್ತಿ ಹಿಡಿದು, ಅದುರುವುದು ನಿಂತ ಮೇಲೆ ಹೊರಗೆ ತರುತ್ತೇವೆ. ಆಮೇಲೆ ಮಗು ಚೆನ್ನಾಗೇ ಕಂಡರೂ ನೀರು ಒಳಗೆ ಹೋಗಿರಬಹುದಾದ್ದರಿಂದ ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಉಬ್ಬಸವಿದ್ದರೆ ಇನ್‌ಹೇಲರ್ ಬ್ಯಾಗಿನಲ್ಲಲ್ಲ, ಕೊಳದ ದಡದಲ್ಲಿರಬೇಕು.

ಕಿವಿ ಕೇಳದ ಮಗು ಹಿಯರಿಂಗ್ ಏಡ್ ಅಥವಾ ಕಾಕ್ಲಿಯರ್ ಇಂಪ್ಲಾಂಟಿನ ಹೊರ ಭಾಗವನ್ನು ತೆಗೆದಿಟ್ಟು ಇಳಿಯುತ್ತದೆ. ಆಗ ಸೀಟಿ ಕೇಳುವುದಿಲ್ಲ, ಕೆಂಪು ಬಾವುಟ ಮತ್ತು ಜೋಡಿಯ ಮಗು ಹೆಗಲು ತಟ್ಟುವುದೇ ಸೂಚನೆ. ಬೆಳಕು ಶಿಕ್ಷಕರ ಮುಖದ ಮೇಲೆ ಬೀಳಬೇಕು, ಸೂರ್ಯ ಅವರ ಬೆನ್ನಿಗಿದ್ದರೆ ಮಗುವಿಗೆ ತುಟಿ ಕಾಣುವುದಿಲ್ಲ. ಕಣ್ಣು ಕಾಣದ ಮಗು ಮೊದಲು ಗೋಡೆ ಮುಟ್ಟುತ್ತ ಕೊಳವನ್ನು ಒಂದು ಸುತ್ತು ನಡೆಯುತ್ತದೆ, ಹನ್ನೆರಡೂ ದಿನ ಅದೇ ಮೂಲೆಯಿಂದ ಇಳಿಯುತ್ತದೆ.

ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ) ಇರುವ ಮಕ್ಕಳ ಸ್ನಾಯುಗಳು ತಣ್ಣೀರಿನಲ್ಲಿ ಇನ್ನಷ್ಟು ಬಿಗಿಯುತ್ತವೆ. ಅವರ ಗುಂಪಿಗೆ ಬೆಳಗಿನ ಬದಲು 11 ಗಂಟೆಯ ಪಾಠ. ತಲೆ ಒಂದು ಕಡೆ ತಿರುಗಿದರೆ ಮೈಯೆಲ್ಲ ಉರುಳುತ್ತದೆ, ಆದ್ದರಿಂದ ಉರುಳಿ ಮತ್ತೆ ಅಂಗಾತ ಬರುವುದನ್ನೇ ಅವರಿಗೆ ಮೊದಲು ಕಲಿಸುತ್ತೇವೆ. ಇದು 1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಶಾಲೆಯಲ್ಲಿ ಜೇಮ್ಸ್ ಮೆಕ್‌ಮಿಲನ್ ಶುರುಮಾಡಿದ ಕ್ರಮ. ಅಲ್ಲೂ ಟ್ಯೂಬು ಇಲ್ಲ, ಮಗುವಿಗೊಬ್ಬರು ಜೊತೆಗಾರರು. ನಮ್ಮ ಈಜುಕೊಳಕ್ಕೆ ಇಳಿಜಾರು ದಾರಿ ಇಲ್ಲ. ವೀಲ್‌ಚೇರಿನ ಮಗುವನ್ನು ಇಬ್ಬರು ಎತ್ತಿ ಅಂಚಿನ ದಪ್ಪ ಚಾಪೆಯ ಮೇಲೆ ಕೂರಿಸಿ, ಅಲ್ಲಿಂದ ನೀರಿನಲ್ಲಿರುವವರು ಇಳಿಸಿಕೊಳ್ಳುತ್ತಾರೆ. ಎತ್ತುವ ಮೊದಲು ಮಗುವಿಗೆ ಹೇಳಿಯೇ ಎತ್ತುತ್ತಾರೆ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಿಗೆ ಕತ್ತಿನ ಮೂಳೆಯ ಹಿಡಿತ ಸಡಿಲವಿರುತ್ತದೆ, ವೈದ್ಯರು ಸರಿ ಎನ್ನುವವರೆಗೆ ಧುಮುಕುವುದು ಬೇಡ.

ಆಟಿಸಂ ಇರುವ ಮಕ್ಕಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಇವರಲ್ಲಿ ಹಲವರಿಗೆ ನೀರೆಂದರೆ ಎಲ್ಲಿಲ್ಲದ ಸೆಳೆತ, ಹೇಳದೆ ಮನೆಯಿಂದ ಹೊರಟ ಮಗು ನೇರ ನೀರಿನ ಕಡೆ ಹೋಗುವುದು ಸಾಮಾನ್ಯ. ಮಗು ಕಾಣಿಸದಿದ್ದರೆ ಮೊದಲು ಹುಡುಕಬೇಕಾದದ್ದು ಸಂಪು, ಬಾವಿ, ಹೊಂಡದ ಬಳಿ, ಬೀದಿ ಆಮೇಲೆ. ಪಾಠಕ್ಕೆ ಮುಂಚೆ ಒಂದು ದಿನ ಕೊಳ ಖಾಲಿಯಿದ್ದಾಗ ಕರೆದುಕೊಂಡು ಬನ್ನಿ. ಬಸ್ಸು, ಬಟ್ಟೆ ಬದಲಿಸುವ ಕೋಣೆ, ಷವರ್, ಮೆಟ್ಟಿಲು ಇವುಗಳ ಫೋಟೊ ಕಾರ್ಡುಗಳನ್ನು ಕೊಡುತ್ತೇವೆ, ವಾರವಿಡೀ ತೋರಿಸಿ. ಸೀಟಿಯ ಸದ್ದು ತಡೆಯದಿದ್ದರೆ ಇವರ ಗುಂಪಿಗೂ ಬಾವುಟವೇ.

ಕಿವಿ ಸೋರುತ್ತಿರುವ ಮಗು ಮಾತ್ರ ವಾಸಿಯಾಗುವವರೆಗೆ ನೀರಿಗಿಳಿಯುವಂತಿಲ್ಲ. ಆದರೂ ಬರಲಿ, ದಡದಲ್ಲಿ ಹಗ್ಗ ಎಸೆಯುವ ಪಾಠವಿದೆ. ಮದ್ರಾಸ್ ಐ ಇದ್ದರೆ ಮನೆಯಲ್ಲಿರಲಿ. ಭೇದಿ ಆಗಿದ್ದರೆ ನಿಂತು 48 ಗಂಟೆ ಕಳೆಯಬೇಕು.

ಹೆಣ್ಣುಮಕ್ಕಳ ಗುಂಪಿಗೆ ಶಿಕ್ಷಕಿಯರೇ ಇರುತ್ತಾರೆ. ಉಡುಪು ಮೈಗೆ ಅಂಟುವ ಪೂರ್ತಿ ತೋಳಿನ ಲೈಕ್ರಾ ಅಂಗಿ, ಕಾಲು ಮುಚ್ಚುವ ಲೆಗ್ಗಿಂಗ್ಸ್ ಆಗಿರಬಹುದು. ತಲೆ ಮುಚ್ಚುವವರು ಅದೇ ಬಟ್ಟೆಯ ಬಿಗಿ ಟೋಪಿ ಹಾಕಲಿ. ಹತ್ತಿ ಬಟ್ಟೆ, ಜೋಲಾಡುವ ಯಾವುದೂ ಬೇಡ. ಈ ಉಡುಪಿನಲ್ಲಿ ಬಿಸಿಲೂ ತಾಗುವುದಿಲ್ಲ. ಮೈ ಕಪ್ಪಾದೀತೆಂದು ಮಗಳನ್ನು ಕಲಿಕೆಯಿಂದ ತಪ್ಪಿಸುವುದನ್ನು ನಾವು ಒಪ್ಪಲಾರೆವು ಎಂದಷ್ಟೇ ಇಲ್ಲಿ ಬರೆಯುತ್ತೇವೆ. ಬಟ್ಟೆ ಕೊಳ್ಳಲು ಕಷ್ಟವಾದರೆ ತರಗತಿ ಶಿಕ್ಷಕರಿಗೆ ಒಂದು ಮಾತು ಹೇಳಿ, ಅರ್ಜಿ ಬೇಡ.

ಆ ದಿನ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ; ಟೋಪಿ ಜಾರುತ್ತದೆ, ಎಣ್ಣೆ ನೀರಿನ ಮೇಲೆ ಜಿಡ್ಡುಗಟ್ಟುತ್ತದೆ. ಗೆಜ್ಜೆ, ಬಳೆ, ಸರ, ಬೆಳ್ಳಿ ಉಡಿದಾರ ಮನೆಯಲ್ಲೇ ಇರಲಿ. ಒಂದು ಗಂಟೆ ಮುಂಚೆ ಎರಡು ಇಡ್ಲಿ ಸಾಕು, ಮುಗಿದ ಮೇಲೆ ತಿನ್ನಲು ಬಾಳೆಹಣ್ಣು ಕಳಿಸಿ. ಇಳಿಯುವ ಮೊದಲು ಮೂತ್ರಕ್ಕೆ ಹೋಗಿ, ಸ್ನಾನ ಮಾಡಿಯೇ ಇಳಿಯಬೇಕು. ಕಣ್ಣು ಉರಿದಾಗ ‘ಕ್ಲೋರಿನ್ ಜಾಸ್ತಿ’ ಎನ್ನುತ್ತೇವೆ, ಹೆಚ್ಚಿನ ಸಲ ಅದು ಕ್ಲೋರಿನ್ ಬೆವರು ಮೂತ್ರಗಳ ಜೊತೆ ಸೇರಿ ಆದ ಉರಿ. ಪ್ರತಿ ಪಾಠಕ್ಕೂ ಮುಂಚೆ ನೀರು ಪರೀಕ್ಷಿಸುತ್ತೇವೆ. ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಒಂದರಿಂದ ಮೂರು ಭಾಗ), ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 7.2ರಿಂದ 7.8 ಇರಬೇಕು, ಕೊಳದ ತಳದ ಗೆರೆ ದಡದಿಂದ ಸ್ಪಷ್ಟ ಕಾಣಬೇಕು. ಇಲ್ಲದಿದ್ದರೆ ಆ ದಿನ ಪಾಠವಿಲ್ಲ, ಬಸ್ಸು ಹಾಗೇ ವಾಪಸು.

ಮನೆಯಲ್ಲಿ ನೀವು ಮಾಡಬೇಕಾದ ಕೆಲಸವೂ ಇದೆ. ನಡೆಯಲು ಕಲಿತ ತಮ್ಮ ತಂಗಿಯರಿಗೆ ಬಕೆಟ್ಟಿನ ಎರಡು ಅಂಗುಲ ನೀರೂ ಅಪಾಯ. ತಲೆ ಭಾರ, ಬಗ್ಗಿ ಬಿದ್ದರೆ ಏಳಲಾರರು. ಬಕೆಟ್ ಬೋರಲು ಹಾಕಿ, ಬಚ್ಚಲ ಬಾಗಿಲಿಗೆ ಮೇಲಿನ ಚಿಲಕ ಹಾಕಿ. ಸಂಪಿನ ಮುಚ್ಚಳಕ್ಕೆ ಬೀಗವಿರಲಿ; ಟ್ಯಾಂಕರ್ ನೀರು ಬಿಡುವಾಗ ತೆರೆದು ಫೋನಿಗೆ ಎದ್ದು ಹೋಗುವ ಆ ಎರಡು ನಿಮಿಷ ಸಾಕು. 2014ರಲ್ಲಿ ಸರ್ಕಾರದ ಕೃಷಿಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಸುತ್ತಲ ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿವೆ. ಹೊಂಡದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿ ಇಳಿಜಾರು ಎಷ್ಟು ಜಾರುತ್ತದೆಂದರೆ ಈಜು ಬಲ್ಲ ದೊಡ್ಡವರೂ ಹತ್ತಲಾರರು. ಸುತ್ತ ಬೇಲಿ ಹಾಕಿ. ನಾಲ್ಕೂ ಕಡೆ ಗೂಟ ನೆಟ್ಟು, ಅಡಿಗೊಂದು ಗಂಟು ಹಾಕಿದ ಹಗ್ಗವನ್ನು ತಳದವರೆಗೆ ಇಳಿಬಿಡಿ. ಕೆರೆಯಲ್ಲಿ ಮಣ್ಣು ತೆಗೆದ ಗುಂಡಿಗಳು ಹೊರಗೆ ಕಾಣುವುದಿಲ್ಲ, ಮೊಣಕಾಲುದ್ದದ ನೀರು ಮುಂದಿನ ಹೆಜ್ಜೆಗೆ ಆಳುದ್ದ ಆಗಿರುತ್ತದೆ.

ಯಾರಾದರೂ ಮುಳುಗುತ್ತಿದ್ದರೆ ಮಕ್ಕಳು ಇಳಿಯಕೂಡದು. ಕೂಗಬೇಕು, ಎಸೆಯಬೇಕು, ಚಾಚಬೇಕು. ಒಬ್ಬರ ಹಿಂದೊಬ್ಬರು ಇಳಿದು ಮೂವರು ನಾಲ್ವರು ಹೋದ ಸುದ್ದಿ ನೀವೂ ಓದಿದ್ದೀರಿ. ಮುಚ್ಚಳ ಬಿಗಿದ ಖಾಲಿ ಕ್ಯಾನು, ಬೋರಲು ಬಿಂದಿಗೆ, ಬಿದಿರ ಗಳ ಯಾವುದಾದರೂ ಆದೀತು. ಸೀರೆಗೆ ಐದೂವರೆ ಮೀಟರ್ ಉದ್ದವಿದೆ, ದಡದಲ್ಲಿ ಬೋರಲು ಮಲಗಿ ಒಂದು ತುದಿಯನ್ನು ಎಸೆಯಿರಿ.

ಹೊರಗೆ ತಂದ ಮಗುವನ್ನು ತಲೆಕೆಳಗು ಮಾಡಬೇಡಿ, ಹೊಟ್ಟೆ ಒತ್ತಬೇಡಿ. ಉಪ್ಪಿನ ರಾಶಿಯಲ್ಲಿ ಮಲಗಿಸಿದರೆ ಜೀವ ಬರುತ್ತದೆ ಎಂಬ ವಾಟ್ಸಾಪ್ ಸುದ್ದಿ ಶುದ್ಧ ಸುಳ್ಳು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಹತ್ತು ಸೆಕೆಂಡಿನೊಳಗೆ ಉಸಿರು ನೋಡಿ. ಇಲ್ಲದಿದ್ದರೆ ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಕೊಡಿ. ಮುಳುಗಿದವರಲ್ಲಿ ಮೊದಲು ನಿಲ್ಲುವುದು ಉಸಿರು, ಆದ್ದರಿಂದ ಈ ಐದು ಬಿಟ್ಟು ಮುಂದೆ ಹೋಗಬೇಡಿ. ಆಮೇಲೆ ಎದೆಯ ನಡುಮೂಳೆಯ ಕೆಳಭಾಗವನ್ನು ಎದೆಯ ಮೂರರಲ್ಲೊಂದು ಭಾಗದಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಎರಡು ಉಸಿರು ಕೊಡಿ, ಮತ್ತೆ 30. ಇನ್ನೊಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಲಿ. ಮಗು ಎದ್ದು ಕೂತು ಅತ್ತರೂ ಆಸ್ಪತ್ರೆಗೆ ಹೋಗಲೇಬೇಕು, ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರ ಹೆಚ್ಚಬಹುದು.

ಇದನ್ನು ಓದಿ ಕಲಿಯುವುದು ಕಷ್ಟ. ಪಾಠ ಶುರುವಾಗುವ ಹಿಂದಿನ ಶನಿವಾರ ಮಧ್ಯಾಹ್ನ 2 ಗಂಟೆಗೆ ಶಾಲೆಯ ಸಭಾಂಗಣದಲ್ಲಿ ಗೊಂಬೆಯ ಮೇಲೆ ಮಾಡಿಸಿ ತೋರಿಸುತ್ತೇವೆ. ತಂದೆ ತಾಯಿ ಮಾತ್ರವಲ್ಲ, ಹಗಲು ಹೊತ್ತು ಮಗುವನ್ನು ನೋಡಿಕೊಳ್ಳುವ ಅಜ್ಜ ಅಜ್ಜಿಯರೂ ಬರಲಿ. ಜೊತೆಗಿರುವ ನಮೂನೆಯಲ್ಲಿ ಮಗುವಿನ ಕಾಯಿಲೆ, ಔಷಧಿ, ಭಯ, ನೀರು ಕಂಡಾಗ ಮಾಡುವ ಅಭ್ಯಾಸ ಎಲ್ಲವನ್ನೂ ಬರೆದು ಅಂದೇ ತನ್ನಿ. ‘ಬೇಡ’ ಎಂದು ಬರೆದಿದ್ದವರೂ ಆ ನಮೂನೆ ತುಂಬಿ, ಶನಿವಾರ ಅರ್ಧ ಗಂಟೆ ಮುಂಚೆ ಬನ್ನಿ. ಏನು ವ್ಯವಸ್ಥೆ ಮಾಡಬಹುದೆಂದು ಕೂತು ಮಾತಾಡೋಣ.

ವಂದನೆಗಳೊಂದಿಗೆ,
ಮುಖ್ಯೋಪಾಧ್ಯಾಯಿನಿ