ಕರಾವಳಿಯ ಸೆಕೆಗೆ ಬರೀ ತಾಪಮಾನದ ಅಳತೆ ಸಾಲದು: ಕಂದಾಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ ನಮಸ್ಕಾರಗಳು.

ವಿಪತ್ತು ನಿರ್ವಹಣೆ ತಮ್ಮ ಇಲಾಖೆಯ ಹೊಣೆಯಾದ್ದರಿಂದ ಈ ಪತ್ರ ತಮಗೆ. ಹವಾಮಾನ ಇಲಾಖೆಯ ನಿಯಮದಂತೆ ಕರಾವಳಿಯಲ್ಲಿ ಬಿಸಿಗಾಳಿ ಘೋಷಿಸಲು ಗರಿಷ್ಠ ತಾಪಮಾನ 37 ಡಿಗ್ರಿಯಾದರೂ ಇರಬೇಕು, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು. ಮಂಗಳೂರಿನಲ್ಲಿ 34 ಡಿಗ್ರಿ, ತೇವಾಂಶ ಶೇ 70 ಇರುವ ದಿನ ಈ ಲೆಕ್ಕಕ್ಕೇ ಬರುವುದಿಲ್ಲ.

ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 2,400 ಕಿಲೋಜೂಲ್ ಶಾಖ ಹೊರಹೋಗುತ್ತದೆ. ಹನಿಯಾಗಿ ನೆಲಕ್ಕೆ ಬಿದ್ದರೆ ಮೈ ತಣಿಯುವುದಿಲ್ಲ, ನೀರು ಮತ್ತು ಉಪ್ಪು ನಷ್ಟ ಅಷ್ಟೆ. ಬೆವರು ಆರಿ ಮೈ ಎಷ್ಟು ತಣಿಯಬಲ್ಲದು ಎಂಬುದನ್ನು ಒದ್ದೆ ಬಲ್ಬ್ ತಾಪಮಾನ, ಅಂದರೆ ಬುಡಕ್ಕೆ ಒದ್ದೆ ಬತ್ತಿ ಸುತ್ತಿದ ಥರ್ಮಾಮೀಟರ್ ತೋರಿಸುವ ಅಂಕಿ, ತಿಳಿಸುತ್ತದೆ. ಮೇಲೆ ಹೇಳಿದ ದಿನಕ್ಕೆ ಅದು ಸುಮಾರು 29. ಕಲಬುರಗಿಯಲ್ಲಿ 42 ಡಿಗ್ರಿ, ತೇವಾಂಶ ಶೇ 15 ಇದ್ದಾಗ 22. ಹಾಗೆಂದು ಕಲಬುರಗಿಯವರು ಸುರಕ್ಷಿತರಲ್ಲ. ಅಲ್ಲಿ ಗಾಳಿಯೇ ಮೈಗೆ ಶಾಖ ತುಂಬುತ್ತದೆ. ಅಪಾಯದ ಬಗೆ ಬೇರೆ. ಪ್ರಯೋಗಗಳಲ್ಲಿ ಆರೋಗ್ಯವಂತ ಯುವಜನರ ದೇಹವೂ ಒದ್ದೆ ಬಲ್ಬ್ 31ರ ಸುಮಾರಿಗೆ ಶಾಖದ ಮೇಲೆ ಹತೋಟಿ ಕಳೆದುಕೊಂಡಿದೆ.

ಗಾಳಿ 1 ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ನೀರಾವಿ ಸುಮಾರು ಶೇ 7 ಏರುತ್ತದೆ. ಒಳನಾಡಿನಲ್ಲಿ ಅಷ್ಟು ಆವಿಗೆ ನೀರು ಸಾಲದಿರಬಹುದು. ಕರಾವಳಿಗೆ ಬಿಸಿಯೇರುತ್ತಿರುವ ಅರಬ್ಬಿ ಸಮುದ್ರವೇ ಪಕ್ಕದಲ್ಲಿದೆ. ನೆಲ ಹೊರಸೂಸುವ ಅವಗೆಂಪು ವಿಕಿರಣವನ್ನು ಆ ಆವಿ ತಡೆಯುವುದರಿಂದ ರಾತ್ರಿಯೂ ಸೆಕೆ ಇಳಿಯದು.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳು ತಾಪಮಾನ, ತೇವಾಂಶ ಎರಡನ್ನೂ ಅಳೆಯುತ್ತಿವೆ. ಒದ್ದೆ ಬಲ್ಬಿನ ಲೆಕ್ಕಕ್ಕೆ ಅವೆರಡು ಸಾಕು. ಕರಾವಳಿಯ ಮೂರೂ ಜಿಲ್ಲೆಗಳಿಗೆ ಅದನ್ನು ಗಂಟೆಗೊಮ್ಮೆ ಪ್ರಕಟಿಸಿ.

ಬಿಸಿಲಲ್ಲಿ ದುಡಿಯುವವರಿಗೆ ಅಷ್ಟು ಸಾಲದು. ಬಂದರು, ರಸ್ತೆ ಕಾಮಗಾರಿಗಳ ಬಳಿ ಹೊಳಪಿಲ್ಲದ ಕಪ್ಪು ಬಳಿದ, 15 ಸೆಂ.ಮೀ. ವ್ಯಾಸದ ತಾಮ್ರದ ಗೋಳದೊಳಗೆ ಥರ್ಮಾಮೀಟರ್ ಇರಬೇಕು. ಬಯಲಲ್ಲಿಟ್ಟ ಒದ್ದೆ ಬಲ್ಬಿನ 0.7 ಪಾಲು, ಗೋಳದ 0.2, ನೆರಳಿನ ತಾಪಮಾನದ 0.1 ಕೂಡಿಸಿದರೆ ಬಿಸಿಲಿನ ಕಾವೂ ಸೇರಿದ ಸೆಕೆಯ ಸೂಚ್ಯಂಕ (WBGT) ಸಿಗುತ್ತದೆ. ಕ್ರಮವಾಗಿ 29, 46, 34 ಇದ್ದರೆ 32.9 ಬರುತ್ತದೆ. ಸೆಕೆಗೆ ಒಗ್ಗಿದವರಿಗೂ ಭಾರದ ಕೆಲಸಕ್ಕೆ ಈ ಸೂಚ್ಯಂಕದ ಅಂತರರಾಷ್ಟ್ರೀಯ ಮಾನದಂಡದ ಮಿತಿ 26. ಮಧ್ಯಾಹ್ನದ ಬಿಡುವು ತಿಂಗಳ ಲೆಕ್ಕದಲ್ಲಿ ಬೇಡ, ಈ ಅಂಕಿಯಂತೆ ಕೊಡಿಸಿ.

ನಿರ್ವಹಣೆಯ ಹಣವನ್ನು ಟೆಂಡರಿನಲ್ಲೇ ಸೇರಿಸಿ, ಏಕೆಂದರೆ ಈ ಉಪಕರಣಗಳು ಕೆಡುವುದು ಸಣ್ಣ ಕಾರಣಗಳಿಗೆ. ಬತ್ತಿಗೆ ಬಾವಿ ನೀರು ಹಾಕಿದರೆ ಲವಣ ಕಟ್ಟಿ ಆವಿಯಾಗುವುದು ಕುಂದುತ್ತದೆ, ಅಂಕಿ ಸುಳ್ಳಾಗಿ ಏರುತ್ತದೆ; ಬಟ್ಟಿ ಇಳಿಸಿದ ನೀರೇ ಬೇಕು. ಉಪ್ಪುಗಾಳಿಗೆ ತೇವಾಂಶದ ಸೆನ್ಸರ್ ಕೆಡುತ್ತದೆ, ವರ್ಷಕ್ಕೊಮ್ಮೆಯಾದರೂ ಸರಿನೋಡಬೇಕು. ಕಚೇರಿಯ ತಾರಸಿಯ ಮೇಲೆ ಇಡಿಸಬೇಡಿ, ಅಲ್ಲಿ ಕಾಂಕ್ರೀಟಿನ ಕಾವೂ ಅಳತೆಗೆ ಸೇರುತ್ತದೆ.

ಮುಂದಿನ ಬೇಸಿಗೆಗೆ ಮುನ್ನ, ಫೆಬ್ರವರಿಯೊಳಗೆ ಆದೇಶ ಹೊರಡಿಸಬೇಕೆಂದು ಕೋರುತ್ತೇವೆ.

ಇಂತಿ,
ಕರಾವಳಿಯ ಭೌತವಿಜ್ಞಾನ ಅಧ್ಯಾಪಕರು